ಡಬ್ಬಿಯೊಳಗಿನ ಲೋಹದ ಪುಡಿ

2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಇಸ್ರೋ ಹೊಸ ಬಗೆಯ ಎಂಜಿನ್ನೊಂದನ್ನು 665 ಸೆಕೆಂಡು ಉರಿಸಿ ನೋಡಿತು. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತಕ್ಕೆ ಬಳಸುವ ಈ ಎಂಜಿನ್ನನ್ನು ವಿಪ್ರೋ 3ಡಿ ಸಂಸ್ಥೆ ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ತಯಾರಿಸಿತ್ತು. ಹಳೆಯ ವಿಧಾನಕ್ಕೆ 14 ಬಿಡಿಭಾಗ, 19 ಬೆಸುಗೆ, 565 ಕೆ.ಜಿ. ಲೋಹ ಬೇಕಿತ್ತು. ಇದಕ್ಕೆ 13.7 ಕೆ.ಜಿ. ಪುಡಿ ಸಾಕಾಯಿತು.

ಇಂಥ ಸುದ್ದಿಗಳಲ್ಲಿ ಹೊಗಳಿಕೆಯೆಲ್ಲ ಯಂತ್ರಕ್ಕೇ ಹೋಗುತ್ತದೆ. ಪುಡಿಯನ್ನು ಎಲ್ಲಿ, ಹೇಗೆ ಇಟ್ಟಿದ್ದರು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ.

ಹೀಗೆ ಲೇಸರ್‌ನಿಂದ ಮಾಡುವ 3ಡಿ ಮುದ್ರಣಕ್ಕೆ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ ಗಾತ್ರದ ಕಣಗಳು ಬೇಕು. ಒಂದು ಕೆ.ಜಿ. ಅಲ್ಯೂಮಿನಿಯಂ ಗಟ್ಟಿಯ ಮೈ ಸುಮಾರು 300 ಚದರ ಸೆಂ.ಮೀ. ಅದನ್ನೇ 30 ಮೈಕ್ರಾನ್ ಪುಡಿ ಮಾಡಿದರೆ ಸುಮಾರು 75 ಚದರ ಮೀಟರ್! ಅಷ್ಟೂ ಮೈ ಗಾಳಿಗೆ, ತೇವಕ್ಕೆ ತೆರೆದುಕೊಳ್ಳುತ್ತದೆ.

ತೇವ ತಾಗಿದ ರಂಗೋಲಿ ಪುಡಿ ಬೆರಳ ಸಂದಿಯಿಂದ ಸರಾಗವಾಗಿ ಇಳಿಯುವುದಿಲ್ಲ. ಲೋಹದ ಪುಡಿಯೂ ಹಾಗೆಯೇ ಅಂಟಿಕೊಂಡು, ಪದರ ಏರುಪೇರಾಗುತ್ತದೆ. ಅಲ್ಯೂಮಿನಿಯಂನಲ್ಲಿ ಕಾಟ ಇನ್ನೂ ಆಳಕ್ಕಿಳಿಯುತ್ತದೆ. ಕರಗಿದ ಲೋಹ ನೀರಿನ ಆಮ್ಲಜನಕವನ್ನು ಕಿತ್ತುಕೊಂಡು ಜಲಜನಕವನ್ನು ಬಿಡುತ್ತದೆ. ಲೋಹ ಗಟ್ಟಿಯಾಗುವಾಗ ಆ ಅನಿಲ ಒಳಗೇ ಗುಳ್ಳೆಯಾಗಿ ಉಳಿಯುತ್ತದೆ. ಮುಂದೆ ಇಂಥ ಗುಳ್ಳೆಗಳಿಂದ ಬಿರುಕು ಹುಟ್ಟಬಹುದು. ಹೊರಗಿನಿಂದ ನೋಡಿದರೆ ಭಾಗ ನುಣುಪಾಗಿಯೇ ಇರುತ್ತದೆ.

ಟೈಟಾನಿಯಂಗೆ ಆಮ್ಲಜನಕವೇ ಶತ್ರು. ವಿಮಾನಗಳಲ್ಲಿ ಬಳಸುವ 5ನೇ ಗ್ರೇಡಿನಲ್ಲಿ ಅದು ಶೇಕಡಾ 0.20 ಮೀರುವಂತಿಲ್ಲ. ದೇಹದೊಳಗೆ ಕೂರಿಸುವ ಭಾಗಗಳಿಗೆ ಒಗ್ಗುವ 23ನೇ ಗ್ರೇಡಿನಲ್ಲಿ ಮಿತಿ 0.13. ಹೆಚ್ಚಿದರೆ ಲೋಹ ಗಡುಸಾದರೂ ಬಾಗುವ ಗುಣ ಕಳೆದುಕೊಳ್ಳುತ್ತದೆ. ಕರಗದೆ ಉಳಿದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸುತ್ತಾರಲ್ಲ, ಪ್ರತಿ ಸುತ್ತಿನಲ್ಲೂ ಆಮ್ಲಜನಕ ತುಸು ಏರುವ ಅಪಾಯವಿದೆ. ಯಾವ ಪುಡಿ ಎಷ್ಟು ಸುತ್ತು ಕಂಡಿದೆ ಎಂದು ಬರೆದಿಡದ ಕಾರ್ಖಾನೆಯ ಭಾಗವನ್ನು ನಂಬುವುದು ಕಷ್ಟ.

ಹೀಗಾಗಿ ಆರ್ಗಾನ್ ತುಂಬಿದ ಬಿಗಿಮುಚ್ಚಳದ ಡಬ್ಬಿ, ತೇವ ಹೀರುವ ಪೊಟ್ಟಣ, ಒಣಹವೆಯ ಕೋಣೆ. ತಣ್ಣಗಿನ ಕೋಣೆಯಿಂದ ತಂದ ಡಬ್ಬಿಯನ್ನು ಸೆಕೆಯ ಜಾಗದಲ್ಲಿ ಕೂಡಲೇ ತೆರೆದರೆ ಗಾಳಿಯ ತೇವ ಪುಡಿಯ ಮೇಲೆ ನೀರಾಗಿ ಕೂರುತ್ತದೆ. ಹೊರಗಿನ ಶಾಖಕ್ಕೆ ಹೊಂದಿಕೊಳ್ಳುವವರೆಗೆ ಕಾಯಬೇಕು.

ಲೋಹದ ನುಣ್ಣನೆಯ ಪುಡಿ ಹೊತ್ತಿಕೊಳ್ಳಲೂಬಲ್ಲದು, ಹಾಗಾಗಿ ಅಸಡ್ಡೆಯ ಬೆಲೆ ಪ್ರಾಣಾಪಾಯವೂ ಆಗಬಹುದು. 2013ರ ನವೆಂಬರ್‌ನಲ್ಲಿ ಅಮೆರಿಕದ ವೋಬರ್ನ್ ಪಟ್ಟಣದ 3ಡಿ ಮುದ್ರಣ ಘಟಕವೊಂದರಲ್ಲಿ ಸ್ಫೋಟ ಸಂಭವಿಸಿ ಕೆಲಸಗಾರರೊಬ್ಬರು ತೀವ್ರವಾಗಿ ಸುಟ್ಟುಕೊಂಡರು. ಅಲ್ಲಿ ಬಳಕೆಯಲ್ಲಿದ್ದದ್ದು ಟೈಟಾನಿಯಂ ಮತ್ತು ಅಲ್ಯೂಮಿನಿಯಂ ಪುಡಿ. ಕಿಡಿ ಹುಟ್ಟುವ ಮೂಲಗಳನ್ನು ದೂರವಿಟ್ಟಿರಲಿಲ್ಲ, ಲೋಹದ ಬೆಂಕಿಗೆಂದೇ ಇರುವ ‘ಡಿ’ ವರ್ಗದ ನಂದಕವೂ ಇರಲಿಲ್ಲ ಎಂದು ಸರ್ಕಾರಿ ತನಿಖೆ ಹೇಳಿತು. ಉರಿಯುವ ಟೈಟಾನಿಯಂ ಪುಡಿಗೆ ನೀರು ಹಾಕಿದರೆ ಜಲಜನಕ ಹುಟ್ಟಿ ಬೆಂಕಿ ಇನ್ನಷ್ಟು ಕೆರಳುತ್ತದೆ.