ನೀರಿನ ಉಷ್ಣತೆ, ಮೀನಿನ ಯಕೃತ್ತು ಮತ್ತು ಕೀಟನಾಶಕ

ಗದ್ದೆಯ ಪಕ್ಕದ ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುವುದು ಲಾಭದಾಯಕ ಉಪಕಸುಬು. ಆದರೆ ಬೆಳೆಗೆ ಸಿಂಪಡಿಸಿದ ಕೀಟನಾಶಕ ಮಳೆನೀರಿನೊಡನೆ ಹೊಂಡ ಸೇರಿದರೆ ವರ್ಷದ ದುಡಿಮೆ ಒಂದೇ ದಿನದಲ್ಲಿ ಹಾಳಾಗಬಹುದು. ಈ ಹಾನಿ ಔಷಧಿಯ ಪ್ರಮಾಣವನ್ನಷ್ಟೇ ಅಲ್ಲ, ನೀರಿನ ಉಷ್ಣತೆಯನ್ನೂ ಅವಲಂಬಿಸಿದೆ.

ಮೀನಿನ ದೇಹದ ವಿಷವನ್ನು ನಿವಾರಿಸುವ ಮುಖ್ಯ ಅಂಗ ಯಕೃತ್ತು. ಅದರಲ್ಲಿರುವ ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳು ವಿಷದ ಅಣುವಿಗೆ ಆಮ್ಲಜನಕವನ್ನು ಸೇರಿಸುತ್ತವೆ. ಬಳಿಕ ಬೇರೆ ಕಿಣ್ವಗಳು ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತರಸ, ಮೂತ್ರಗಳ ಮೂಲಕ ಹೊರಹಾಕಲು ನೆರವಾಗುತ್ತವೆ. ಮೀನು ಶೀತರಕ್ತ ಪ್ರಾಣಿ. ನೀರಿನ ಉಷ್ಣತೆಯೇ ಅದರ ದೇಹದ ಉಷ್ಣತೆ. ಸಹಿಸಬಲ್ಲ ಮಿತಿಯೊಳಗೆ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕಿಣ್ವಗಳ ಕೆಲಸ ಸುಮಾರು ಎರಡು ಪಟ್ಟು ಚುರುಕಾಗುತ್ತದೆ. ನಿಧಾನವಾಗಿ ಬರುವ ಚಳಿಗೆ ಮೀನು ತಕ್ಕಮಟ್ಟಿಗೆ ಹೊಂದಿಕೊಳ್ಳಬಲ್ಲದು. ದಿಢೀರ್ ಬದಲಾವಣೆಗೆ ಆ ಅವಕಾಶವಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ಮೀನು ಹೆಚ್ಚು ಸುರಕ್ಷಿತವೇ? ಹಾಗೆನ್ನಲಾಗದು. ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್‌ನಂಥ ರಂಜಕಯುಕ್ತ ಕೀಟನಾಶಕಗಳನ್ನು ಇದೇ ಯಕೃತ್ತಿನ ಕಿಣ್ವಗಳು ಮೊದಲು ಇನ್ನಷ್ಟು ಉಗ್ರವಾದ ವಿಷವನ್ನಾಗಿ ಮಾರ್ಪಡಿಸುತ್ತವೆ. ಆ ವಿಷ ನರಗಳ ಕಾರ್ಯಕ್ಕೆ ಅಗತ್ಯವಾದ ಕಿಣ್ವವನ್ನು ಕಟ್ಟಿಹಾಕುತ್ತದೆ. ಬಿಸಿನೀರಿನಲ್ಲಿ ಈ ಮಾರ್ಪಾಟು ಬೇಗ ನಡೆಯುತ್ತದೆ. ಜೊತೆಗೆ, 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಉಸಿರಿಗಾಗಿ ಮೀನು ಕಿವಿರುಗಳ ಮೂಲಕ ಹೆಚ್ಚು ನೀರನ್ನು ಹಾಯಿಸುವುದರಿಂದ ವಿಷವೂ ಹೆಚ್ಚು ಒಳಸೇರುತ್ತದೆ.

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳಂಥ ಪೈರೆಥ್ರಾಯ್ಡ್ ಔಷಧಿಗಳ ವಿಷಯದಲ್ಲಿ ಇದು ತಿರುವುಮುರುವು. ಇವುಗಳನ್ನು ಒಡೆಯುವ ಶಕ್ತಿ ಮೀನಿಗೆ ಮೊದಲೇ ಕಡಿಮೆ. ತಣ್ಣೀರಿನಲ್ಲಿ ಅದು ಇನ್ನೂ ಕುಗ್ಗುತ್ತದೆ. ನರಗಳ ಮೇಲೆ ವಿಷದ ಪ್ರಭಾವವೂ ಹೆಚ್ಚುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಇವು ಹೆಚ್ಚು ಅಪಾಯಕಾರಿ.

ಎಂದರೆ, ಕೀಟನಾಶಕಗಳಿಗೆ ಹೊಂಡ ನಿರ್ಭಯವಾಗಿರುವ ಕಾಲವೆಂಬುದಿಲ್ಲ. ರೈತರು ಕೆಳಗಿನ ಎಚ್ಚರಿಕೆಗಳನ್ನು ವರ್ಷವಿಡೀ ಪಾಲಿಸಬೇಕು:

1. ಹೊಂಡದ ಅಂಚಿನ ಬೆಳೆಯಲ್ಲಿ ಒಂದು ಪಟ್ಟಿಯನ್ನು ಸಿಂಪಡಿಸದೆ ಬಿಡುವುದು.
2. ಗದ್ದೆಯ ನೀರು ಹೊಂಡಕ್ಕೆ ಹರಿಯದಂತೆ ಬದು ಹಾಕಿ, ಕಾಲುವೆಯಿಂದ ಬೇರೆಡೆಗೆ ತಿರುಗಿಸುವುದು.
3. ಮಳೆಯ ಸೂಚನೆಯಿದ್ದಾಗ ಅಥವಾ ಗಾಳಿ ಹೊಂಡದ ಕಡೆಗೆ ಬೀಸುವಾಗ ಸಿಂಪಡಿಸದಿರುವುದು.
4. ಸಿಂಪರಣಾ ಯಂತ್ರವನ್ನಾಗಲಿ, ಔಷಧಿಯ ಡಬ್ಬಿಯನ್ನಾಗಲಿ ಹೊಂಡದಲ್ಲಿ ತೊಳೆಯದಿರುವುದು.

ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ, ದಿಕ್ಕುತಪ್ಪಿ ಈಜುತ್ತಿದ್ದರೆ ಒಳಹರಿವನ್ನು ತಡೆದು, ಶುದ್ಧ ನೀರು ಬಿಟ್ಟು, ಮೀನುಗಾರಿಕೆ ಇಲಾಖೆಯ ಸಲಹೆ ಪಡೆಯುವುದು ಒಳಿತು. ಹೀಗೆ ಸತ್ತ ಮೀನನ್ನು ತಿನ್ನಲೂಬಾರದು, ಮಾರಲೂಬಾರದು.