ತನ್ನ ನೀರು, ತನ್ನ ಕರೆಂಟು: ಸಂಘದ ಸಂದರ್ಶಕರ ಕೇಂದ್ರ ಕಟ್ಟುವ ಮುನ್ನ



ಚೆನ್ನಾಗಿ ನಡೆಯುವ ಹಾಲು ಸಂಘವನ್ನು ನೋಡಲು ನೆರೆಯೂರಿನ ಉತ್ಪಾದಕರು, ಮಹಿಳಾ ಸಂಘದವರು, ಶಾಲಾ ಮಕ್ಕಳು ಬರುತ್ತಾರೆ. ಬಂದವರಿಗೆ ಕೂಡಲು ನೆರಳು, ಕುಡಿಯಲು ನೀರು, ಒಂದು ಲೋಟ ಚಹಾ ಬೇಕು. ಬಳ್ಳಾರಿಗೆ ಸಮೀಪದ ಹಲಕುಂದಿಯಂಥ ಊರಿನಲ್ಲಿ ಸಂಘವು ಇದಕ್ಕಾಗಿ ಒಂದು ಕೇಂದ್ರ ಕಟ್ಟಬಯಸಿದರೆ, ಅದು ತನಗೆ ಬೇಕಾದ ನೀರು, ಕರೆಂಟನ್ನು ತಾನೇ ಒದಗಿಸಿಕೊಳ್ಳಬಲ್ಲದೇ? ಖಂಡಿತ ಸಾಧ್ಯ. ಆದರೆ ಸದಸ್ಯರ ಹಣ ಹಾಕುವ ಮೊದಲು ಲೆಕ್ಕ ಹಾಕಬೇಕು. ಯಂತ್ರ ಕೊಳ್ಳುವ ಮೊದಲು ಅದನ್ನು ನೋಡಿಕೊಳ್ಳುವವರು ಯಾರೆಂದು ಗೊತ್ತುಮಾಡಬೇಕು.

ಪುರ ಗ್ರಾಮದ ಪಾಠ

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಪುಟ್ಟ ಊರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಅಲ್ಲಿ ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ವ್ಯವಸ್ಥೆ ಮಾಡಿದರು. ಮೊದಲು ಗ್ಯಾಸನ್ನು ಅಡುಗೆಗೆ ಕೊಟ್ಟು ನೋಡಿದರು. ಎಲ್ಲರ ಅಡುಗೆಗೆ ಅದು ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನ ಜೊತೆ ಸ್ವಲ್ಪ ಡೀಸೆಲ್ ಬಳಸಿ 5 ಕಿಲೋವ್ಯಾಟ್ ಎಂಜಿನ್ ನಡೆಸಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು.

ಅಲ್ಲಿನ ಏರ್ಪಾಡು ನಮಗೆ ಹೊಸದೇನಲ್ಲ. ಮನೆಯವರು ಸಗಣಿ ತಂದು ತೂಗಿಸುತ್ತಿದ್ದರು. ಕೆ.ಜಿ.ಗೆ 2 ಪೈಸೆಯಂತೆ ಅದಕ್ಕೆ ಹಣ ಸಿಗುತ್ತಿತ್ತು. ಗ್ಯಾಸ್ ತೆಗೆದ ನಂತರದ ಬಗ್ಗಡ ಗೊಬ್ಬರವಾಗಿ ಅವರ ಹೊಲಕ್ಕೇ ಮರಳುತ್ತಿತ್ತು. ದೀಪ ಪಡೆದವರು ತಿಂಗಳಿಗೆ ಶುಲ್ಕ ಕಟ್ಟುತ್ತಿದ್ದರು. ತೂಕ, ಲೆಕ್ಕ, ಬಟವಾಡೆ: ನಮ್ಮ ಹಾಲು ಸಂಘ ನಡೆಯುವುದೂ ಇದರ ಮೇಲೆಯೇ. ಸಬ್ಸಿಡಿಗೆಂದು ಕಟ್ಟಿ ಪಾಳುಬಿದ್ದ ಗೋಬರ್ ಗ್ಯಾಸ್ ಗುಂಡಿಗಳನ್ನು ನೀವೂ ನೋಡಿರಬಹುದು. ಅಲ್ಲಿ ಕೊರತೆಯಾದದ್ದು ಬಹುಪಾಲು ಇದೇ ಏರ್ಪಾಡು.

ಮೊದಲು ಖರ್ಚು ತಗ್ಗಿಸಿರಿ

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳು ಬೇಸಿಗೆಯಲ್ಲೂ ತಂಪು. ಗೋಡೆ ದಪ್ಪ, ಮೇಲೆ ಬೆಳಕಿಂಡಿ. ಕೇಂದ್ರದ ಉದ್ದನೆಯ ಗೋಡೆಗಳು ಉತ್ತರ, ದಕ್ಷಿಣಕ್ಕೆ ಮುಖಮಾಡಿರಲಿ. ಪಶ್ಚಿಮಕ್ಕೆ ಕಿಟಕಿ ಬೇಡ, ಬೇವಿನ ಗಿಡ ನೆಡಿರಿ. ತಾರಸಿಗೆ ಬಿಳಿ ಟೈಲ್ಸ್ ಹಾಸಿದರೆ ಕಾವೂ ಕಡಿಮೆ, ಮಳೆನೀರೂ ಶುಚಿ.

ನೀರಿನ ಲೆಕ್ಕ

ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ತಾರಸಿ 100 ಚದರ ಮೀಟರ್ ಇದ್ದರೆ ಅದರ ಮೇಲೆ ಬೀಳುವುದು 50,000 ಲೀಟರ್. ಐದರಲ್ಲಿ ಒಂದು ಪಾಲು ಸೋರಿಕೆ, ಆವಿ ಎಂದು ಬಿಟ್ಟರೂ 40,000 ಲೀಟರ್ ಕೈಗೆ ಸಿಗುತ್ತದೆ.

ದಿನಕ್ಕೆ 40 ಜನ ಬಂದು, ತಲೆಗೆ 2 ಲೀಟರಿನಂತೆ ಕುಡಿಯಲು, ಚಹಾಕ್ಕೆ ಬಳಸಿದರೆ 80 ಲೀಟರ್ ಬೇಕು. ನವೆಂಬರಿನಿಂದ ಮೇವರೆಗಿನ ಏಳು ತಿಂಗಳಿಗೆ ಸುಮಾರು 17,000 ಲೀಟರ್. ಆದ್ದರಿಂದ 20,000 ಲೀಟರಿನ ತೊಟ್ಟಿ ಸಾಕು. ಆದರೆ ಕೈಕಾಲು ತೊಳೆಯಲು, ಶೌಚಾಲಯಕ್ಕೆ ಎಂದು ತಲೆಗೆ 15 ಲೀಟರ್ ಇದೇ ತೊಟ್ಟಿಯಿಂದ ತೆಗೆದರೆ ಒಂದೇ ತಿಂಗಳಲ್ಲಿ ಬರಿದು. ಆ ಬಳಕೆಗೆ ಕೊಳವೆಬಾವಿ ನೀರಿರಲಿ. ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯಲು ಮಳೆನೀರು ಮೀಸಲಿಡಲು ಇದೂ ಒಂದು ಕಾರಣ.

ಮೊದಲ ಮಳೆಯ ನೀರನ್ನು ಹೊರಗೆ ಬಿಡಿರಿ. ನಮ್ಮ ಕೆಂಪು ಧೂಳೆಲ್ಲ ಅದರಲ್ಲೇ ಬರುತ್ತದೆ. ಶೋಧಿಸಿದ ನೀರನ್ನೂ ಕುದಿಸಿ ಅಥವಾ ಕ್ಲೋರಿನ್ ಹಾಕಿ ಕೊಡಿರಿ. ಎರೆಭೂಮಿಯಾದರೆ ಎಚ್ಚರಿಕೆ: ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ; ನೆಲದೊಳಗಿನ ತೊಟ್ಟಿಯೂ ಜೊತೆಗೆ ಬಿರಿಯುತ್ತದೆ. ಸುತ್ತಲೂ ಗರಸು ತುಂಬಿಸಿರಿ, ಇಲ್ಲವೇ ತೊಟ್ಟಿಯನ್ನು ನೆಲದ ಮೇಲೆಯೇ ಕಟ್ಟಿರಿ.

ಕರೆಂಟಿನ ಲೆಕ್ಕ

ಆರು ಎಲ್‌ಇಡಿ ಟ್ಯೂಬ್, ನಾಲ್ಕು ಕಡಿಮೆ ಕರೆಂಟಿನ ಫ್ಯಾನ್, ಹಾಲು ಪರೀಕ್ಷೆ ಯಂತ್ರ, ಕಂಪ್ಯೂಟರ್, ಒಂದು ಟಿ.ವಿ.: ಇವಕ್ಕೆ ದಿನಕ್ಕೆ ಸುಮಾರು 2 ಯೂನಿಟ್. ಒಂದು ಎಚ್.ಪಿ. ಪಂಪು ಒಂದು ತಾಸು ನಡೆದರೆ ಮತ್ತೆ ಮುಕ್ಕಾಲು ಯೂನಿಟ್. ಒಂದು ಕಿಲೋವ್ಯಾಟ್ ಸೌರಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಬ್ಯಾಟರಿಯಲ್ಲಿ ಆಗುವ ನಷ್ಟ ಕಳೆದರೂ ಸಾಕಾಗುತ್ತದೆ. ಸಂಜೆ ಕರೆಂಟು ಹೋದಾಗ ಫ್ಯಾಟ್ ಪರೀಕ್ಷೆ ನಿಂತು ಉತ್ಪಾದಕರು ಕ್ಯಾನು ಹಿಡಿದು ಕಾಯುವುದೂ ತಪ್ಪುತ್ತದೆ.

ಆದರೆ ಶೀತಲ ಘಟಕವನ್ನು ಇದಕ್ಕೆ ಸೇರಿಸಬೇಡಿರಿ. 1,000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು 13ರಿಂದ 15 ಯೂನಿಟ್ ಬೇಕು. ಅದರ ಲೆಕ್ಕವೇ ಬೇರೆ.

ಚಹಾ, ಉಪ್ಪಿಟ್ಟಿಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಸಾಕು. ಅದಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಂದರೆ ಐದು ದೊಡ್ಡ ದನಗಳ ಸಗಣಿ, ಮತ್ತು ಅಷ್ಟೇ ನೀರು ಬೇಕು. ಈ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ಕ್ಯಾನು ಕೊನೆಯ ಸಲ ಜಾಲಿಸಿದ ನೀರನ್ನು ಬಳಸಬಹುದು. ಸೋಪು, ಸೋಡಾ ಬೆರೆತ ನೀರು ಮಾತ್ರ ಬೇಡ, ಗ್ಯಾಸ್ ಕಡಿಮೆಯಾಗುತ್ತದೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ದಿನವೂ ಸಗಣಿ ಕೊಡುವವರು ಯಾರು? ಅವರಿಗೆ ಹಣವೆಷ್ಟು, ಬಗ್ಗಡವೆಷ್ಟು?
2. ವಾರಕ್ಕೊಮ್ಮೆ ಫಲಕದ ಧೂಳು ಒರೆಸುವ, ಮಳೆಗಾಲಕ್ಕೆ ಮುನ್ನ ತಾರಸಿ, ತೊಟ್ಟಿ ತೊಳೆಯುವ ಕೆಲಸ ಯಾರದು? ಅದಕ್ಕೆ ಸಂಬಳವಿದೆಯೇ?
3. ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಲು ತಿಂಗಳು ತಿಂಗಳು ಹಣ ತೆಗೆದಿಡುತ್ತೀರಾ?
4. ಭೇಟಿಗೆ ಬರುವ ತಂಡದಿಂದ ಎಷ್ಟು ಶುಲ್ಕ?

ಈ ನಾಲ್ಕಕ್ಕೂ ನಡಾವಳಿ ಪುಸ್ತಕದಲ್ಲಿ ಹೆಸರು ಸಹಿತ ಉತ್ತರ ಬರೆದ ಮೇಲೆ ಗುದ್ದಲಿಪೂಜೆ ಮಾಡಿರಿ. ಉತ್ತರ ಸಿಗದಿದ್ದರೆ ಸದ್ಯಕ್ಕೆ ಒಂದು ಮಳೆನೀರಿನ ತೊಟ್ಟಿ, ನಾಲ್ಕು ಸೌರದೀಪಗಳಿಂದ ಆರಂಭಿಸಿರಿ. ಅವು ಎರಡು ಬೇಸಿಗೆ ಚೆನ್ನಾಗಿ ನಡೆದರೆ, ನೋಡಲು ಬಂದವರಿಗೆ ತೋರಿಸಲು ಅದೇ ಸಾಕು.