ಪ್ರಯಾಣಕ್ಕೆ ಮುನ್ನ

ಪ್ರಯಾಣದ ಸುಖದಲ್ಲಿ ಅರ್ಧ ಪಾಲು ಹೊರಡುವುದಕ್ಕೆ ಮುಂಚೆಯೇ ಮನೆಯ ಪಡಸಾಲೆಯಲ್ಲಿ ಸಂದುಹೋಗುತ್ತದೆಂದು ನನ್ನ ನಂಬಿಕೆ. ಬೈಲಹೊಂಗಲದ ನಮ್ಮ ಮನೆಯಲ್ಲಿ ಕಳೆದ ಎಂಟು ದಿನಗಳಿಂದ ಆ ಪಾಲನ್ನು ಆರು ಮಂದಿ ಹಂಚಿಕೊಂಡು ಉಣ್ಣುತ್ತಿದ್ದೇವೆ. ದಸರೆಯ ರಜೆಯಲ್ಲಿ ಕಾರು ಮಾಡಿಕೊಂಡು ಮೂರು ದಿನ ಗುಡ್ಡಗಾಡು ನೋಡಿ ಬರತಕ್ಕದ್ದೆಂಬ ಮಾತಿನಲ್ಲಿ ಎಲ್ಲರಿಗೂ ಒಮ್ಮತವಿತ್ತು. ಎಲ್ಲಿಗೆ ಎಂಬ ಪ್ರಶ್ನೆ ಎದ್ದೊಡನೆ ಮನೆ ಶಾಸನಸಭೆಯಾಯಿತು. ಮಗಳಿಗೆ ಕೊಡಗು ಬೇಕು. ಮಗನಿಗೆ ಹುಲಿಯಿರುವ ಕಾಡೇ ಆಗಬೇಕು. ನನ್ನಾಕೆಗೆ ಎಲ್ಲಿಯಾದರೂ ಸರಿ, ಅಲ್ಲಿ ತಾನು ಒಲೆಯ ಮುಂದೆ ನಿಲ್ಲಬಾರದು. ಅಪ್ಪ ಮೊಣಕಾಲು ತೋರಿಸಿ ಸುಮ್ಮನಾದರು. ಅವ್ವ ಏನನ್ನೂ ಹೇಳಲಿಲ್ಲ.

ಪಾಠ ಹೇಳುವವನಿಗೆ ವಾದದಲ್ಲಿ ಸೋಲುವ ಅಭ್ಯಾಸ ಕಡಿಮೆ. ಜಿಲ್ಲೆಯ ನಕ್ಷೆಯನ್ನು ಹಾಸಿ, ಸಹ್ಯಾದ್ರಿಯ ಮೇಲಿನ ಕಣಕುಂಬಿಯಲ್ಲಿ ಬೆರಳಿಟ್ಟು, ಮಲಪ್ರಭೆಯ ನೀಲಿ ಗೆರೆಯ ಗುಂಟ ಮೂಡಲಕ್ಕೆ ಎಳೆದೆ. ಈ ಹೊಳೆಯೇ ನಮಗೆ ದಾರಿ ತೋರಿಸಲಿ ಎಂದೆ. ಹತ್ತಿ, ಜೋಳ, ಕಬ್ಬಿನ ಎರೆಹೊಲಗಳೇ ನಮ್ಮ ಸೀಮೆಯೆಂದು ತಿಳಿದ ಮಕ್ಕಳು ನಕ್ಕರು. ಕಾಡು ಮೇಡುಗಳೆಂದರೆ ದೂರದಲ್ಲಿಯೇ ಇರತಕ್ಕವೆಂಬ ಭಾವನೆ ಮಕ್ಕಳದು ಮಾತ್ರವಲ್ಲ, ನಮ್ಮೆಲ್ಲರದೂ ಹೌದು.

ಮೊದಲ ದಿನ ತೆಂಕಣಕ್ಕೆ, ಕಿತ್ತೂರಿಗೆ. ಬಯಲು ಮುಗಿದು ಮಲೆನಾಡಿನ ಮರಗಳು ಒಂದೊಂದಾಗಿ ಎದುರುಗೊಳ್ಳುವ ಸೆರಗು ಅದು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಕೋಟೆಯ ಮುಂದೆ ಪ್ರತಿ ವರ್ಷ ಅದೇ ದಿನಗಳಲ್ಲಿ ಉತ್ಸವ ನಡೆಯುವುದರಿಂದ, ಜನಸಂದಣಿ ಬೇಡವೆನ್ನುವವರು ತಿಥಿಯ ಜೊತೆಗೆ ತಾರೀಖನ್ನೂ ನೋಡಬೇಕಾಗುತ್ತದೆ. ಕೋಟೆ ಕೈಬಿಟ್ಟ ಮೇಲೆ ಸಂಗೊಳ್ಳಿ ರಾಯಣ್ಣ ಹೋರಾಟವನ್ನು ಮುಂದುವರಿಸಿದ್ದು ಅಲ್ಲಿಂದಾಚೆಯ ಕಾಡುಗಳ ಆಸರೆಯಲ್ಲಿ. 1831ರಲ್ಲಿ ಅವನನ್ನು ಗಲ್ಲಿಗೇರಿಸಿದ್ದು ನಂದಗಡದಲ್ಲಿ. "ಒಂದು ಸರಕಾರವೇ ಬೆವರಿ ಹುಡುಕಿದ ಕಾಡಪ್ಪಾ ಅದು" ಎಂದೆ. ಮಗ ಹುಲಿಯ ಮಾತನ್ನು ಅಂದಿಗೆ ಬಿಟ್ಟ.

ಎರಡನೆಯ ದಿನ ಊರಿಗೆ ಮರಳಿ, ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದ ಬೈಲಹೊಂಗಲದಲ್ಲಿಯೇ ಆಕೆಯ ಸಮಾಧಿಗೆ ಕೈಮುಗಿದು, ಸೊಗಲಕ್ಕೆ. ಅಲ್ಲಿ ಗುಡ್ಡಗಳ ನಡುವೆ ಸೋಮೇಶ್ವರನ ಗುಡಿ. ಹತ್ತಿರದಲ್ಲಿಯೇ ಬಂಡೆಯಿಂದ ಧುಮುಕುವ ನೀರು. ಮುಂದೆ ಸವದತ್ತಿ, ಯಲ್ಲಮ್ಮನ ಗುಡ್ಡ. ದಸರೆಯ ಬೆನ್ನಿಗೇ ಸೀಗಿ ಹುಣ್ಣಿಮೆ ಬರುವುದು. ಹುಣ್ಣಿಮೆಗೆ ಗುಡ್ಡದ ದಾರಿಯಲ್ಲಿ ಕಾಲಿಡಲೂ ತೆರಪಿರುವುದಿಲ್ಲ. ಆದ್ದರಿಂದ ಅದಕ್ಕೆ ಮುಂಚೆ ಹೋಗಿಬರುವುದು ಲೇಸು. ಮೂರನೆಯ ದಿನ ರಾಮದುರ್ಗದ ಕಡೆಗೆ: ಹೊಳೆಯ ದಂಡೆಯ ತೊರಗಲ್ಲು, ಸುರೇಬಾನದ ಹತ್ತಿರದ ಶಬರಿಕೊಳ್ಳ.

ಸವದತ್ತಿಯಿಂದ ರಾಮದುರ್ಗದವರೆಗೆ ಹಬ್ಬಿದ ಈ ಕಲ್ಲುಗುಡ್ಡಗಳು ನೀರಿನ ತಳದ ಮರಳು ಪದರ ಪದರವಾಗಿ ಗಟ್ಟಿಗೊಂಡು ಆದಂಥವು. ಅವುಗಳ ವಯಸ್ಸನ್ನು ಭೂವಿಜ್ಞಾನಿಗಳು ಎಣಿಸುವುದು ಕೋಟಿಗಳಲ್ಲಿ. ಕೆಲವು ನೂರು ಕೋಟಿ ವರ್ಷಗಳಿಗೂ ಹಳೆಯವು. ಅಷ್ಟು ಹಳೆಯ ಕಲ್ಲನ್ನು ಮಲಪ್ರಭೆ ಕೊರೆದು ದಾರಿ ಮಾಡಿಕೊಂಡ ಇಕ್ಕಟ್ಟೇ ನವಿಲುತೀರ್ಥ. ಅದನ್ನು ನೋಡಿದವನು ಕಾಡುಚೆಲುವಿಗಾಗಿ ಇನ್ನೂರು ಹರದಾರಿ ಹೋಗಬೇಕಾಗಿಲ್ಲ.

ಆದರೆ ನನ್ನ ಯೋಜನೆ ತೊಡಕಿಗೆ ಬಿದ್ದುದೂ ಅಲ್ಲಿಯೇ. 1970ರ ದಶಕದ ಆರಂಭದಲ್ಲಿ ಆ ಇಕ್ಕಟ್ಟಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಅವ್ವನ ತವರೂರು ಮುಳುಗಿತು. ಆಗ ಆಕೆಗೆ ಹದಿನೇಳು ವರ್ಷ. ಬಳಿಕ ಗುಡ್ಡಕ್ಕೆ ಎಷ್ಟು ಸಲ ಹೋದರೂ ಬಸ್ಸಿನಲ್ಲಿ ನೀರಿನ ಕಡೆಯ ಕಿಟಕಿಯ ಬಳಿ ಆಕೆ ಕೂತದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹನುಮಂತ ದೇವರ ಗುಡಿಯ ಕಟ್ಟೆ, ಒಂದೆರಡು ಮನೆಗಳ ತಳಪಾಯ ಕಾಣುತ್ತವೆಂದು ಸೋದರಮಾವ ಹೇಳುತ್ತಿದ್ದರು. ಹಾಗಾದರೆ ಏಪ್ರಿಲ್‌ನಲ್ಲಿ ಹೋದರೆ ಅವ್ವ ತನ್ನ ಹೊಸ್ತಿಲನ್ನು ಒಮ್ಮೆ ಕಾಣಬಹುದಲ್ಲವೆ? ಎಪ್ಪತ್ತು ದಾಟಿದ ಜೀವ, ಇನ್ನೆಷ್ಟು ಬೇಸಿಗೆ? ಆದರೆ ಏಪ್ರಿಲ್‌ನಲ್ಲಿ ಸೊಗಲದ ನೀರು ಸೊರಗಿರುತ್ತದೆ. ಬಂಡೆಗಳು ಕಾದ ಹಂಚಾಗಿರುತ್ತವೆ. ಮಕ್ಕಳ ಜಲಪಾತವೋ ಅವ್ವನ ಹೊಸ್ತಿಲೋ ಎಂದು ಎರಡು ರಾತ್ರಿ ತೂಗಿದೆ. ಕೊನೆಗೆ, ಎಂಟು ದಿನಗಳಲ್ಲಿ ನಮ್ಮಲ್ಲಿ ಯಾರೂ ಮಾಡದಿದ್ದ ಕೆಲಸವನ್ನು ಮಾಡಿದೆ: ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವನನ್ನೇ ಹೋಗಿ ಕೇಳಿದೆ.

ಆಕೆ ಮೊರದಿಂದ ಕಣ್ಣೆತ್ತಲಿಲ್ಲ. "ಬ್ಯಾಸಗ್ಯಾಗ ಹೋಗಿ ಏನ ನೋಡ್ಲಿ? ಬಿದ್ದ ಗ್ವಾಡಿ ನೋಡ್ಲಾ? ನೀರ ತುಂಬಿದಾಗ ಕರಕೊಂಡ ಹೋಗು. ನಮ್ಮಪ್ಪ ಹೊಲಾ ಮನಿ ಕೊಟ್ಟಿದ್ದು ನೀರ ತುಂಬ್ಲಿ ಅಂತ. ತುಂಬೇತೋ ಇಲ್ಲೋ ನೋಡ್ತೀನಿ."

ನಾನು ಮಾತಾಡಲಿಲ್ಲ. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯ ಎಷ್ಟೋ ವರ್ಷ ತುಂಬಿಲ್ಲ. ಹುಬ್ಬಳ್ಳಿ-ಧಾರವಾಡಗಳು ಅದರ ನೀರನ್ನು ಕುಡಿಯುತ್ತವೆ. ಆ ಯೋಜನೆಯ ಕರದ ಭಾರಕ್ಕೆ 1980ರಲ್ಲಿ ನರಗುಂದ-ನವಲಗುಂದಗಳ ರೈತರು ಸಿಡಿದೆದ್ದರು. ತುಂಬಿ ಹರಿದ 2019ರ ಆಗಸ್ಟಿನಲ್ಲಿ ರಾಮದುರ್ಗದ ಕಡೆಯ ಹೊಳೆಸಾಲಿನ ಹಳ್ಳಿಗಳು ನೀರಿನಲ್ಲಿ ನಿಂತವು. ಇದೆಲ್ಲವನ್ನೂ ಓದಿ ಬಲ್ಲೆ. ಕೊಟ್ಟವರಿಗೂ ಒಂದು ಲೆಕ್ಕ ಕೇಳುವುದಿರುತ್ತದೆಂದು ಮಾತ್ರ ತಿಳಿದಿರಲಿಲ್ಲ.

ಹೀಗೆ ಕಾಲನಿರ್ಣಯವಾಯಿತು: ದಸರೆಯ ರಜೆಯೇ ಸರಿ. ದೂರದ ಊರಿಗೆ ಹೋಗುವವರು ಮೈಲಿಗಳನ್ನು ಎಣಿಸಿದರೆ ಸಾಕು. ಹತ್ತಿರದ ಊರಿಗೆ ಹೋಗುವವರು ಯಾರ ಮನಸ್ಸಿನಲ್ಲಿ ಏನಿದೆಯೆಂದು ಮೊದಲು ಕೇಳಿಕೊಳ್ಳಬೇಕು. ವಾಚಕರಲ್ಲಿ ಯಾರಾದರೂ ಈ ರಜೆಯಲ್ಲಿ ನಕ್ಷೆ ಹಾಸುವವರಿದ್ದರೆ, ಮನೆಯಲ್ಲಿ ಸುಮ್ಮನೆ ಕೂತವರನ್ನು ಮೊದಲು ಮಾತಾಡಿಸಲಿ.

ನಿನ್ನೆ ಸಂಜೆ ನನ್ನಾಕೆ ಸಾಮಾನುಗಳ ಪಟ್ಟಿ ಬರೆಯುತ್ತಿದ್ದಳು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕುಡಿಯುವ ನೀರು, ಅಪ್ಪನ ಗುಳಿಗೆ, ಮಗನ ದುರ್ಬೀನು. ಅವ್ವ ಪಕ್ಕದಲ್ಲಿ ಕೂತು ಇನ್ನಷ್ಟು ಬರೆಯಿಸಿದಳು: ಒಂದು ಖಣ, ಒಂದು ತೆಂಗಿನಕಾಯಿ, ಅಕ್ಕಿ, ಐದು ಅಡಿಕೆ, ಐದು ಉತ್ತತ್ತಿ.

"ಯಲ್ಲಮ್ಮಗ ಉಡಿ ತುಂಬೂದೇನು ಆಯಿ?" ಎಂದಳು ಮಗಳು.

"ಅಲ್ಲ. ಹೊಳಿಗೆ" ಎಂದಳು ಅವ್ವ. "ತವರುಮನಿ ಅಲ್ಲೇ ಐತಿ."